ತೆರಿಗೆ ತೀರ್ಪು: ಸುದ್ದಿಯನ್ನು ನಂಬುವ ಮುನ್ನ ಮೂಲ ಆದೇಶ ಓದಿ

ಯಡ್ತರೆ: ಪೊಟ್ಟಣದಲ್ಲಿ ಮಾರುವ ಪರೋಟಾಕ್ಕೆ ಜಿಎಸ್‌ಟಿ ಎಷ್ಟು? ಶೇ. 18 ಎಂದು ಇಂದಿಗೂ ಹೇಳುವ ಅಂಗಡಿಕಾರರಿದ್ದಾರೆ. ಅದಕ್ಕೆ ಕಾರಣ 2020ರಲ್ಲಿ ದೇಶದಾದ್ಯಂತ ಚರ್ಚೆಯಾದ ಒಂದು ಸುದ್ದಿ.

ಬೆಂಗಳೂರಿನ ಐಡಿ ಫ್ರೆಶ್ ಫುಡ್ ಸಂಸ್ಥೆಯ ಅರ್ಜಿಯ ಮೇಲೆ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು 2020ರ ಮೇ ತಿಂಗಳಲ್ಲಿ ಆದೇಶ ನೀಡಿ, ಪರೋಟಾ ತಿನ್ನುವ ಮೊದಲು ಬಿಸಿ ಮಾಡಬೇಕಾದ ಪದಾರ್ಥವಾದ್ದರಿಂದ ಶೇ. 5ರ ರೊಟ್ಟಿಯ ಸಾಲಿಗೆ ಸೇರದು ಎಂದಿತ್ತು. ಆದರೆ ರಾಜ್ಯದ ಮೇಲ್ಮನವಿ ಪ್ರಾಧಿಕಾರವು ಅನಂತರ ಆ ತೀರ್ಪನ್ನು ಅಸಿಂಧುಗೊಳಿಸಿತು. 2024ರ ಏಪ್ರಿಲ್‌ನಲ್ಲಿ ಕೇರಳ ಹೈಕೋರ್ಟ್ ಬೇರೊಂದು ಸಂಸ್ಥೆಯ ಪ್ರಕರಣದಲ್ಲಿ ಶೇ. 5 ಎಂದಿತು. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿಗಳೊಡನೆ ಪರೋಟಾಕ್ಕೂ ತೆರಿಗೆ ವಿನಾಯಿತಿ ದೊರೆತಿದೆ. ಹಳೆಯ ಸುದ್ದಿಯನ್ನೇ ನಂಬಿ ಗ್ರಾಹಕರಿಂದ ತೆರಿಗೆ ವಸೂಲು ಮಾಡಿದರೆ ಆ ಹಣವನ್ನು ಸರಕಾರಕ್ಕೆ ಕಟ್ಟಲೇಬೇಕು. ಕಡಿಮೆ ತೆರಿಗೆ ಕಟ್ಟಿದಲ್ಲಿ ಬಡ್ಡಿ ತಪ್ಪದು.

ಇಂತಹ ಗೊಂದಲ ನಿವಾರಣೆಗೆ ಯಡ್ತರೆಯ ವ್ಯಾಪಾರಿಯು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಜಿಎಸ್‌ಟಿ ಮಂಡಳಿಯ ಅಧಿಕೃತ ಜಾಲತಾಣದಲ್ಲಿ ಮುಂಗಡ ತೀರ್ಪುಗಳು ರಾಜ್ಯವಾರು ಲಭ್ಯವಿವೆ. ಮೇಲ್ಮನವಿ ಪ್ರಾಧಿಕಾರದ ಆದೇಶಗಳಿಗೆ ಪ್ರತ್ಯೇಕ ವಿಭಾಗವಿದೆ. ದರದ ಅಧಿಸೂಚನೆ ಹಾಗೂ ಸುತ್ತೋಲೆಗಳನ್ನು ಕೇಂದ್ರೀಯ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿಯ ತಾಣದಲ್ಲಿ ನೋಡಬಹುದು. ಇವೆಲ್ಲ ಉಚಿತ. ತಾಣದ ವಿಳಾಸವು 'ಜಿಒವಿ ಡಾಟ್ ಇನ್' ಎಂದು ಕೊನೆಗೊಳ್ಳುತ್ತದೆಯೇ ಎಂಬುದನ್ನು ಮೊದಲು ಗಮನಿಸಿ.

ಆದೇಶ ಸಿಕ್ಕಿದ ಬಳಿಕ ಮೂರು ವಿಷಯಗಳನ್ನು ಪರಿಶೀಲಿಸುವುದು ಅವಶ್ಯ. ಒಂದು, ಆದೇಶದ ದಿನಾಂಕ. ಎರಡು, ಅದರ ಮೇಲೆ ಮೇಲ್ಮನವಿ ಅಥವಾ ನ್ಯಾಯಾಲಯದ ತೀರ್ಪು ಬಂದಿದೆಯೇ ಎಂಬುದು. ಮೂರು, ಆ ಬಳಿಕ ದರ ಬದಲಾಯಿಸಿದ ಅಧಿಸೂಚನೆ ಇದೆಯೇ ಎಂಬುದು.

ಇನ್ನೊಂದು ಮುಖ್ಯ ಸಂಗತಿ: ಜಿಎಸ್‌ಟಿ ಕಾಯಿದೆಯ 103ನೇ ಕಲಮಿನ ಪ್ರಕಾರ ಮುಂಗಡ ತೀರ್ಪು ಅರ್ಜಿದಾರರಿಗೆ ಹಾಗೂ ಅವರ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಮಾತ್ರ ಬದ್ಧ. ಬೇರೆಯವರಿಗೆ ಅದು ಕಾನೂನನ್ನು ಅರಿಯುವ ದಾರಿದೀಪವೇ ಹೊರತು ರಕ್ಷಾಕವಚವಲ್ಲ. ತಮ್ಮದೇ ಸರಕಿನ ಬಗ್ಗೆ ಖಚಿತ ಉತ್ತರ ಬೇಕಿದ್ದವರು ಕೇಂದ್ರ ಮತ್ತು ರಾಜ್ಯ ಕಾಯಿದೆಗಳಡಿ ತಲಾ 5,000 ರೂ. ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಬಹುದು. 90 ದಿನಗಳೊಳಗೆ ಲಿಖಿತ ತೀರ್ಪು ನೀಡಬೇಕೆಂಬುದು ನಿಯಮ. ತೀರ್ಪು ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.