ಮಧುಮೇಹಿಗಳಿಗೂ ದೂರದ ಓಟ: ನಡುವಯಸ್ಸು ದಾಟಿದ ಮೇಲೆ ಮರಳುವ ಕ್ರಮ

ಶಾಲಾ ಕಾಲೇಜುಗಳ ದಿನಗಳಲ್ಲಿ ಮೈದಾನದಲ್ಲಿ ಓಡಿದವರು ಉದ್ಯೋಗ ಮತ್ತು ಸಂಸಾರದ ಹೊಣೆ ಹೊತ್ತ ಮೇಲೆ ಓಟವನ್ನು ಬಿಟ್ಟುಬಿಡುವುದು ಸಾಮಾನ್ಯ. ಐವತ್ತರ ಹೊತ್ತಿಗೆ ಅವರಲ್ಲಿ ಅನೇಕರು ಮಧುಮೇಹ ಅಥವಾ ಅಧಿಕ ರಕ್ತದೊತ್ತಡಕ್ಕೆ ಔಷಧ ಸೇವಿಸುತ್ತಿರುತ್ತಾರೆ. ಇಂತಹವರು ಮತ್ತೆ ದೂರದ ಓಟಕ್ಕೆ ತೊಡಗಬಹುದೇ? ಬಹುಮಂದಿಯ ವಿಷಯದಲ್ಲಿ ತೊಡಗಬಹುದೆಂಬುದೇ ಉತ್ತರ. ದೀರ್ಘಕಾಲದ ರೋಗವು ಓಟಕ್ಕೆ ನಿಷೇಧವಲ್ಲ. ಅದು ಕೆಲವು ನಿಬಂಧನೆಗಳನ್ನು ವಿಧಿಸುತ್ತದೆ. ಆ ನಿಬಂಧನೆಗಳನ್ನು ಅರಿತವರಿಗೆ ಓಟವು ಚಿಕಿತ್ಸೆಗೆ ಪೂರಕವಾಗುತ್ತದೆ, ಕಡೆಗಣಿಸಿದವರಿಗೆ ಅಪಾಯಕಾರಿಯಾಗಬಹುದು.

ಚೆನ್ನೈ ನಗರದ ಅನುಭವ

ಈ ವಿಷಯದಲ್ಲಿ ಚೆನ್ನೈ ನಗರಕ್ಕೆ ವಿಶೇಷ ಸ್ಥಾನವಿದೆ. ಅಲ್ಲಿನ ಸ್ಟಾನ್ಲಿ ಆಸ್ಪತ್ರೆಯಲ್ಲಿ 1948ರಲ್ಲಿ ಡಾ. ಎಂ. ವಿಶ್ವನಾಥನ್ ಅವರು ಮಧುಮೇಹಿಗಳಿಗಾಗಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ಆರಂಭಿಸಿದರು. ಮದರಾಸು ಮಧುಮೇಹ ಸಂಶೋಧನಾ ಪ್ರತಿಷ್ಠಾನವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದ್ದು, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ.

ವ್ಯಾಯಾಮದ ಪ್ರಯೋಜನವನ್ನು ತೋರಿಸಿಕೊಟ್ಟ ಒಂದು ಮುಖ್ಯ ಅಧ್ಯಯನವೂ ಈ ನಗರದ್ದೇ. ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಆರಿಸಿಕೊಳ್ಳಲಾಗಿತ್ತು. ಅವರ ಸರಾಸರಿ ವಯಸ್ಸು ಸುಮಾರು 46 ವರ್ಷ. ಮೂರು ವರ್ಷಗಳಲ್ಲಿ, ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ಶೇ. 55 ಮಂದಿಗೆ ಮಧುಮೇಹ ಬಂದಿತು. ಆಹಾರ ನಿಯಮ ಮತ್ತು ನಿತ್ಯದ ಬಿರುಸು ನಡಿಗೆಯನ್ನು ಪಾಲಿಸಿದ ಗುಂಪಿನಲ್ಲಿ ಈ ಪ್ರಮಾಣ ಸುಮಾರು ಶೇ. 39ಕ್ಕೆ ಇಳಿಯಿತು.

ರೋಗವಿದ್ದೂ ಓಡಬಹುದೆಂಬುದಕ್ಕೆ ಅಲ್ಲಿ ಸಾರ್ವಜನಿಕರು ಬಲ್ಲ ನಿದರ್ಶನವೂ ಇದೆ. 2006ರಿಂದ 2011ರವರೆಗೆ ಚೆನ್ನೈ ಮೇಯರ್ ಆಗಿದ್ದು, 2021ರಲ್ಲಿ ತಮಿಳುನಾಡಿನ ಆರೋಗ್ಯ ಸಚಿವರಾದ ಮಾ. ಸುಬ್ರಮಣಿಯನ್ ಅವರು ಮಧುಮೇಹಿಗಳು. 2004ರ ರಸ್ತೆ ಅಪಘಾತದಲ್ಲಿ ಅವರ ಮೊಣಕಾಲಿಗೆ ತೀವ್ರ ಪೆಟ್ಟಾಗಿತ್ತು. ಐವತ್ತು ದಾಟಿದ ಮೇಲೆ ದೂರದ ಓಟಕ್ಕೆ ತೊಡಗಿದ ಅವರು, ನೂರಕ್ಕೂ ಹೆಚ್ಚು ಅರ್ಧ ಮ್ಯಾರಥಾನ್‌ಗಳನ್ನು ಪೂರೈಸಿದ್ದಾರೆ. ಅರ್ಧ ಮ್ಯಾರಥಾನ್ ಎಂದರೆ 21.1 ಕಿಲೋಮೀಟರ್. ಎಲ್ಲರೂ ಅಷ್ಟು ದೂರ ಓಡಬೇಕೆಂದಿಲ್ಲ. ಆದರೆ ರೋಗವನ್ನೇ ಕಾರಣವಾಗಿಸಿ ಕುಳಿತಿರಬೇಕಾಗಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಓಟದಿಂದ ದೇಹದಲ್ಲಿ ಆಗುವುದೇನು?

ರಕ್ತದಲ್ಲಿರುವ ಗ್ಲೂಕೋಸ್ ಸ್ನಾಯುಗಳೊಳಗೆ ಸೇರಲು ಸಾಮಾನ್ಯವಾಗಿ ಇನ್ಸುಲಿನ್ ಬೇಕು. ಮಧುಮೇಹದಲ್ಲಿ ಇನ್ಸುಲಿನ್ ಸಾಲದು, ಅಥವಾ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದು. ಆದರೆ ದುಡಿಯುತ್ತಿರುವ ಸ್ನಾಯುವು ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳಬಲ್ಲದು. ಓಟ ಮುಗಿದ ನಂತರವೂ ಒಂದರಿಂದ ಮೂರು ದಿನಗಳವರೆಗೆ ದೇಹವು ಇನ್ಸುಲಿನ್ನಿಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತದೆ. ಆದಕಾರಣ ಸತತವಾಗಿ ಎರಡು ದಿನಗಳಿಗಿಂತ ಹೆಚ್ಚು ಕಾಲ ವ್ಯಾಯಾಮ ತಪ್ಪಿಸಬಾರದೆಂದು ತಜ್ಞರು ಸಲಹೆ ಮಾಡುತ್ತಾರೆ. ನಿಯಮಿತ ವ್ಯಾಯಾಮದಿಂದ ರಕ್ತದೊತ್ತಡವೂ ತಗ್ಗುತ್ತದೆ.

ಮೊದಲು ವೈದ್ಯಕೀಯ ತಪಾಸಣೆ

ಹಲವು ವರ್ಷಗಳ ಬಿಡುವಿನ ನಂತರ ಓಡಲಿಚ್ಛಿಸುವವರು ಮೊದಲು ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಹೃದಯ, ಮೂತ್ರಪಿಂಡ, ಕಣ್ಣು ಮತ್ತು ಪಾದಗಳ ಪರೀಕ್ಷೆ ಅಗತ್ಯ. ಮಧುಮೇಹದಿಂದ ಕಣ್ಣಿನ ಅಕ್ಷಿಪಟಲ ತೀವ್ರವಾಗಿ ಹಾನಿಗೊಂಡಿದ್ದರೆ ರಭಸದ ವ್ಯಾಯಾಮದಿಂದ ರಕ್ತಸ್ರಾವವಾಗುವ ಸಂಭವವಿದೆ. ಪಾದಗಳ ಸ್ಪರ್ಶಜ್ಞಾನ ಕುಂದಿದವರಿಗೆ ಬೊಕ್ಕೆಯೋ ಗಾಯವೋ ಆದದ್ದು ತಿಳಿಯದೆ ಹುಣ್ಣಾಗಬಹುದು. ಹೊಂದಿಕೊಳ್ಳುವ ಪಾದರಕ್ಷೆ, ಹತ್ತಿಗಿಂತ ಬೇಗ ಒಣಗುವ ಕಾಲುಚೀಲ ಹಾಗೂ ಪ್ರತಿ ಓಟದ ನಂತರ ಅಂಗಾಲಿನ ಪರೀಕ್ಷೆ ಇವರಿಗೆ ಅನಿವಾರ್ಯ.

ಸೇವಿಸುವ ಔಷಧಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಬೇಕು. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು ನಾಡಿಬಡಿತ ಏರದಂತೆ ತಡೆಯುತ್ತವೆ. ಅಂತಹವರು ನಾಡಿಯನ್ನು ಎಣಿಸಿ ಶ್ರಮವನ್ನು ಅಳೆಯುವುದು ಸರಿಯಾಗದು. ಮೂತ್ರವರ್ಧಕ ಔಷಧಗಳನ್ನು ಸೇವಿಸುವವರ ದೇಹದಲ್ಲಿ ನೀರಿನಂಶ ಬೇಗ ಕಡಿಮೆಯಾಗುತ್ತದೆ.

ಮರಳುವ ಕ್ರಮ

ಓಟಕ್ಕೆ ಮರಳುವವರನ್ನು ಹೆಚ್ಚಾಗಿ ಮೋಸಗೊಳಿಸುವುದು ಅವರದೇ ಹಳೆಯ ನೆನಪು. ಅಭ್ಯಾಸ ಆರಂಭಿಸಿದ ಕೆಲವೇ ವಾರಗಳಲ್ಲಿ ಉಸಿರಾಟ ಸುಗಮವಾಗುತ್ತದೆ. ಹಿಂದಿನ ವೇಗ ಕೈಗೆಟುಕಿತೆಂಬ ಭಾವನೆ ಬರುತ್ತದೆ. ಆದರೆ ಸ್ನಾಯುರಜ್ಜು ಮತ್ತು ಮೂಳೆಗಳು ಹದಗೊಳ್ಳಲು ತಿಂಗಳುಗಳೇ ಬೇಕು. ಈ ಅಂತರದಲ್ಲಿಯೇ ಹಿಮ್ಮಡಿ, ಮೊಣಕಾಲುಗಳ ನೋವು ಕಾಣಿಸಿಕೊಳ್ಳುತ್ತದೆ. ಆದುದರಿಂದ ಅಂದಿನ ವೇಗವನ್ನು ಮರೆತು, ಇಂದಿನ ದೇಹದಿಂದ ಆರಂಭಿಸುವುದು ಕ್ಷೇಮ.

ಮೊದಲ ನಾಲ್ಕು ವಾರ, ವಾರಕ್ಕೆ ಐದು ದಿನ, 30 ನಿಮಿಷಗಳ ಬಿರುಸು ನಡಿಗೆ ಸಾಕು. ಅನಂತರ ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ನಿಧಾನ ಓಟ ಎಂಬ ಕ್ರಮದಲ್ಲಿ ಆರಂಭಿಸಿ ಓಟದ ಪಾಲನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಓಡುವಾಗ ಜೊತೆಗಾರರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆಯೆಂದು ತಿಳಿಯಬಹುದು. ವಾರಕ್ಕೆ ಮೂರು ದಿನ ಓಟ, ಉಳಿದ ದಿನಗಳಲ್ಲಿ ನಡಿಗೆ, ಎರಡು ದಿನ ಸ್ನಾಯುಬಲ ವರ್ಧಿಸುವ ವ್ಯಾಯಾಮ ಇರಲಿ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿದೆ. ದೀರ್ಘಕಾಲದ ರೋಗವುಳ್ಳವರೂ ಇದರಲ್ಲಿ ಸೇರಿದ್ದಾರೆ. ಅರ್ಧ ಮ್ಯಾರಥಾನ್‌ನಂತಹ ದೂರಕ್ಕೆ ಒಂದು ವರ್ಷದ ಸಿದ್ಧತೆ ಹೆಚ್ಚೇನಲ್ಲ.

ಸಕ್ಕರೆಯ ಕುಸಿತ

ಇನ್ಸುಲಿನ್ ಚುಚ್ಚಿಕೊಳ್ಳುವವರು ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳನ್ನು ಸೇವಿಸುವವರು ವಿಶೇಷ ಎಚ್ಚರ ವಹಿಸಬೇಕು. ರಕ್ತದ ಗ್ಲೂಕೋಸ್ ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು, ಮನಸ್ಸಿನ ಗೊಂದಲ ಉಂಟಾಗುತ್ತವೆ. ಓಟದ ಬೆವರು ಮತ್ತು ದಣಿವಿನ ನಡುವೆ ಈ ಲಕ್ಷಣಗಳನ್ನು ಗುರುತಿಸುವುದು ಕಷ್ಟ. ಇವರು ಓಟಕ್ಕೆ ಮುನ್ನ ಗ್ಲೂಕೋಸ್ ಪರೀಕ್ಷಿಸಿಕೊಳ್ಳಬೇಕು. ಪ್ರಮಾಣ 90ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣನ್ನು ತಿಂದು, ಸ್ವಲ್ಪ ಹೊತ್ತು ಕಾದು ಹೊರಡುವುದು ಉಚಿತ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಸದಾ ಇರಬೇಕು. ದೀರ್ಘ ಓಟದ ದಿನ ರಾತ್ರಿ ನಿದ್ರೆಯಲ್ಲಿಯೂ ಸಕ್ಕರೆ ಕುಸಿಯಬಹುದಾದ್ದರಿಂದ ಮನೆಯವರಿಗೂ ಈ ಲಕ್ಷಣಗಳ ಅರಿವಿರಬೇಕು.

ಸೆಕೆಯೊಡನೆ ಹೊಂದಾಣಿಕೆ

ಚೆನ್ನೈಯಂತಹ ಕರಾವಳಿ ನಗರದಲ್ಲಿ ಬೆಳಗಿನ ಜಾವವೂ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಬೇಗ ಆರದೆ ದೇಹದ ಉಷ್ಣತೆ ಏರುತ್ತದೆ. ಮಂಗಳೂರು, ಕಾರವಾರಗಳಲ್ಲಿಯೂ ಇದೇ ಸ್ಥಿತಿ. ಬೆಂಗಳೂರು, ಮೈಸೂರುಗಳ ತಂಪಿಗೆ ಒಗ್ಗಿದವರು ಕರಾವಳಿಗೆ ಹೋದಾಗ ದೇಹ ಹೊಂದಿಕೊಳ್ಳಲು ಹತ್ತು ಹದಿನಾಲ್ಕು ದಿನಗಳಾದರೂ ಬೇಕು. ಅಲ್ಲಿಯವರೆಗೆ ವೇಗವನ್ನೂ ದೂರವನ್ನೂ ತಗ್ಗಿಸಬೇಕು. ಮೇ ತಿಂಗಳ ಉರಿಬೇಸಗೆಯಲ್ಲಿ ಸೂರ್ಯೋದಯಕ್ಕೆ ಮುನ್ನ ಓಟ ಮುಗಿಸುವುದು ಲೇಸು. ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯಬೇಕು. ಆದರೆ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿ ಅಪಾಯವಾಗಬಹುದು.

ನಿಲ್ಲಬೇಕಾದ ಸಮಯ

ಎದೆ, ದವಡೆ ಅಥವಾ ಎಡತೋಳಿನಲ್ಲಿ ನೋವು, ಎಂದಿನಂತಿಲ್ಲದ ಏದುಸಿರು, ತಲೆಸುತ್ತು, ಎದೆಬಡಿತದ ಏರುಪೇರು ಕಂಡೊಡನೆ ಓಟ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಬೇಕು. ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬಹುದು. ಜ್ವರವಿರುವ ದಿನ ಓಡಲೇಬಾರದು. ಹೆಸರು, ರೋಗ, ಸೇವಿಸುವ ಔಷಧ ಮತ್ತು ಮನೆಯ ದೂರವಾಣಿ ಸಂಖ್ಯೆ ಬರೆದ ಚೀಟಿ ಜೊತೆಯಲ್ಲಿರಲಿ.

ಸರ್ಕಾರದ ನೆರವು

ಸಾಂಕ್ರಾಮಿಕವಲ್ಲದ ರೋಗಗಳ ನಿಯಂತ್ರಣಕ್ಕಾಗಿ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ವರ್ಷ ದಾಟಿದವರಿಗೆ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆ ದೊರೆಯುತ್ತದೆ. 2019ರ ಆಗಸ್ಟ್ 29ರಂದು ಆರಂಭವಾದ ಫಿಟ್ ಇಂಡಿಯಾ ಆಂದೋಲನವು ವ್ಯಾಯಾಮವನ್ನು ದಿನಚರಿಯ ಭಾಗವಾಗಿಸಲು ಕರೆ ನೀಡಿತು. ತಮಿಳುನಾಡು ಸರ್ಕಾರವು 2023ರಲ್ಲಿ ಜಿಲ್ಲೆಗಳಲ್ಲಿ 8 ಕಿಲೋಮೀಟರ್ ಉದ್ದದ ಆರೋಗ್ಯ ನಡಿಗೆ ಪಥಗಳನ್ನು ಗುರುತಿಸುವ ಯೋಜನೆಯನ್ನು ಕೈಗೊಂಡಿತು.

ಓಟ ಆರಂಭಿಸಿ ಕೆಲವು ತಿಂಗಳಾದ ಮೇಲೆ ಸಕ್ಕರೆ, ರಕ್ತದೊತ್ತಡಗಳು ಹತೋಟಿಗೆ ಬಂದುದನ್ನು ಕಂಡು ತಾವಾಗಿಯೇ ಔಷಧ ನಿಲ್ಲಿಸುವವರಿದ್ದಾರೆ. ಇದು ಸಲ್ಲದು. ಹತೋಟಿಗೆ ಬಂದಿರುವುದು ಓಟ, ಆಹಾರ ಮತ್ತು ಔಷಧ ಮೂರೂ ಕೂಡಿದ್ದರಿಂದ. ಔಷಧದ ಪ್ರಮಾಣವನ್ನು ತಗ್ಗಿಸಬಹುದೇ ಎಂಬುದನ್ನು ಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರೇ ನಿರ್ಧರಿಸಬೇಕು. ಅವರ ಸಲಹೆಯಂತೆ ನಡೆದುಕೊಳ್ಳುತ್ತ, ನಾಳೆ ಬೆಳಿಗ್ಗೆ ಮೂವತ್ತು ನಿಮಿಷಗಳ ನಡಿಗೆಯಿಂದ ಯಾರು ಬೇಕಾದರೂ ಆರಂಭಿಸಬಹುದು.