ಅಮ್ಮ ಕೇಳಿದ್ದು ಸಿಲೆಬಸ್ಸಿನಲ್ಲೇ ಇತ್ತು!

ನ್ಯಾಕ್ ತಂಡ ಬರುತ್ತದೆ ಎಂದರೆ ಕಾಲೇಜಿಗೆ ಮದುವೆ ಮನೆಯ ಕಳೆ ಬರುತ್ತಿತ್ತು. ಗೋಡೆಗೆ ಬಣ್ಣ, ಹೂಕುಂಡಗಳಿಗೆ ಕೆಮ್ಮಣ್ಣು, ನಮ್ಮೆಲ್ಲರ ಕೊರಳಿಗೆ ಐಡಿ ಕಾರ್ಡು. ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಕಾರಿಡಾರಿಗೆ ಒಂದು ದೊಡ್ಡ ಫ್ಲೆಕ್ಸ್ ಕೂಡ ಬಂತು. ‘ಪ್ರೋಗ್ರಾಂ ಔಟ್‌ಕಮ್ಸ್’ ಅಂತ ತಲೆಬರಹ. ಬಿಎ, ಬಿಎಸ್ಸಿ, ಬಿಕಾಂ ಏನೇ ಓದಿರಲಿ, ಪದವಿ ಮುಗಿಸಿದವರಿಗೆ ಏನೇನು ಬರಬೇಕು ಎಂಬ ಪಟ್ಟಿ ಅದು. ವಿಷಯಜ್ಞಾನ, ಸಂವಹನ, ವಿಮರ್ಶಾತ್ಮಕ ಚಿಂತನೆ, ಸಮಸ್ಯೆ ಬಿಡಿಸುವುದು, ತಂಡವಾಗಿ ದುಡಿಯುವುದು, ನೈತಿಕ ಪ್ರಜ್ಞೆ, ಬದುಕಿಡೀ ಕಲಿಯುವುದು...

‘ತಂಡದವರು ಕೇಳಿದ್ರೆ ಹೇಳ್ಬೇಕು, ಬಾಯಿಪಾಠ ಮಾಡ್ಕೊಳಿ’ ಎಂದರು. ಮಾಡಿಕೊಂಡೆವು. ತಂಡ ಬಂತು, ಹೋಯಿತು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಫ್ಲೆಕ್ಸ್ ಹಿಂದೆ ಪಾರಿವಾಳ ಸಂಸಾರ ಹೂಡಿತು.

ಕೇಳಿದ್ದು ಅಮ್ಮ, ಆ ವರ್ಷದ ರಜೆಯಲ್ಲಿ.

ನಮ್ಮದು ಪಾವಗಡ ಸೀಮೆಯ ಹಳ್ಳಿ. ನೀರೆಂದರೆ ಬೋರ್‌ವೆಲ್ಲೇ. ನೆಲದಾಳದ ಕಲ್ಲಿನಲ್ಲಿರುವ ಫ್ಲೋರೈಡ್ ನೀರಿಗೆ ಇಳಿದು ಬರುತ್ತದೆ. ಊರಿನ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಜಲಜೀವನ್ ಮಿಷನ್‌ನಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನೀರು ಪರೀಕ್ಷಿಸುವ ಕಿಟ್ ಕೊಡುತ್ತಾರೆ. ಹಾಗೆ ತರಬೇತಿ ಪಡೆದ ಅಕ್ಕ ಒಬ್ಬರು ನಮ್ಮ ನಲ್ಲಿ ನೀರು ನೋಡಿ, ಲೀಟರಿಗೆ 2 ಮಿಲಿಗ್ರಾಂ ಹತ್ತಿರ ಫ್ಲೋರೈಡ್ ಇದೆ ಎಂದು ಚೀಟಿ ಬರೆದುಕೊಟ್ಟಿದ್ದರು.

ಅಮ್ಮ ಅದನ್ನು ನನ್ನ ಕೈಗಿಟ್ಟು, ‘ನೀನು ಕೆಮಿಸ್ಟ್ರಿ ಓದ್ತೀಯಲ್ಲ, ಈ ನೀರು ಕುಡೀಬೋದಾ ಬೇಡ್ವಾ ಹೇಳು. ನಾನಂತೂ ದಿನಾ ಕಾಯ್ಸೇ ಕೊಡ್ತಿದೀನಿ ಕಣೇ’ ಎಂದಳು.

ನನಗೆ ಗಂಟಲು ಒಣಗಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಇರಬಹುದು. ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ತುಸು ಏರುತ್ತದೆ. ಇಷ್ಟನ್ನೂ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅಮ್ಮ ನನ್ನ ಕಣ್ಣೆದುರಿಗೇ ನೀರು ಕುದಿಸುತ್ತಿದ್ದಾಗ ಮಾತ್ರ ಹೇಳಬೇಕು ಅಂತ ಒಂದು ದಿನವೂ ಹೊಳೆದಿರಲಿಲ್ಲ. ನೋಟ್ಸಿನ ಫ್ಲೋರೈಡೇ ಬೇರೆ, ನಮ್ಮನೆ ಕೊಡದ ಫ್ಲೋರೈಡೇ ಬೇರೆ ಎಂದುಕೊಂಡಿದ್ದೆನೋ ಏನೋ.

ಹೇಳಿದೆ. ‘ಮೊದ್ಲೇ ಹೇಳ್ಬಾರ್ದಿತ್ತೇನೇ? ಎಷ್ಟು ಸೌದೆ ಉರ್ಸಿದೀನಿ!’ ಎಂದಳು ಅಮ್ಮ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಊರಿನಲ್ಲಿ ಶುದ್ಧ ನೀರಿನ ಘಟಕ ಇತ್ತು. 5 ರೂಪಾಯಿ ಹಾಕಿದರೆ ಒಂದು ಕ್ಯಾನ್. ಅದು ಕೆಟ್ಟು ತಿಂಗಳುಗಳಾಗಿದ್ದವು. ಅರ್ಜಿ ಬರೆಯೋಣವೆಂದು ಕೂತರೆ ‘ಮಾನ್ಯರೇ’ ಆದಮೇಲೆ ಪೆನ್ನು ಓಡಲಿಲ್ಲ. ಪಕ್ಕದ ಬೀದಿಯ ಇಬ್ಬರು ಗೆಳತಿಯರನ್ನು ಕರೆದೆ. ಬಿಎ ಓದುವವಳು, ‘ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತಗೋ. ಗ್ರಾಮಸಭೆಯಲ್ಲೂ ವಿಷಯ ಎತ್ತೋಣ’ ಎಂದಳು. ಬಿಕಾಂನವಳು, ‘ದಿನಕ್ಕೆ ಎಷ್ಟು ಕ್ಯಾನ್ ಹೋಗ್ತಿತ್ತು?’ ಎಂದು ಲೆಕ್ಕಕ್ಕಿಳಿದಳು. 120 ಕ್ಯಾನ್ ಅಂದರೂ ದಿನಕ್ಕೆ 600, ತಿಂಗಳಿಗೆ 18,000 ರೂಪಾಯಿ. ‘ಈ ದುಡ್ಡಿನ ಲೆಕ್ಕ ಸರಿಯಾಗಿ ಇಟ್ರೆ ಫಿಲ್ಟರಿಗೆ ಯಾರ ಹತ್ರಾನೂ ಕೈ ಚಾಚ್ಬೇಕಿಲ್ಲ’ ಎಂದಳು. ಅರ್ಜಿ ಒಂದೂವರೆ ಪುಟವಾಯಿತು. ಮೂವರಲ್ಲಿ ಒಬ್ಬಳೇ ಕೂತಿದ್ದರೆ ಅದು ಮುಗಿಯುತ್ತಿರಲಿಲ್ಲ.

ಗ್ರಾಮಸಭೆಯಲ್ಲಿ ನಾನು ‘ಪರ್ಮಿಸಿಬಲ್ ಲಿಮಿಟ್’ ಅಂತ ಶುರು ಮಾಡಿದೆ. ಹಿಂದಿನಿಂದ ಒಬ್ಬ ತಾತ, ‘ನಮಗೆ ತಿಳಿಯೋ ಹಂಗೆ ಹೇಳವ್ವ’ ಎಂದರು. ಎರಡನೇ ಸಲ ಹೇಳಿದೆ: ‘ತಾತ, ಮಕ್ಕಳ ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಈ ಕಲೆ ಬೀಳುತ್ತೆ. ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ.’ ಸಭೆ ಸುಮ್ಮನಾಯಿತು. ಒಂದೂವರೆ ತಿಂಗಳಿಗೆ ಘಟಕ ಶುರುವಾಯಿತು. ಈಗಲೂ ಕರೆಂಟ್ ಹೋದರೆ ನಿಲ್ಲುತ್ತದೆ, ಆದರೆ ನಡೆಯುತ್ತಿದೆ.

ರಜೆ ಮುಗಿಸಿ ಕಾಲೇಜಿಗೆ ಹೋದವಳು ಫ್ಲೆಕ್ಸ್ ಮುಂದೆ ನಿಂತು ಮೊದಲ ಸಲ ಪೂರ್ತಿ ಓದಿದೆ. ನಾವು ಮೂವರು ಆ ಬೇಸಿಗೆಯಲ್ಲಿ ಮಾಡಿದ್ದೆಲ್ಲ ಅಲ್ಲಿತ್ತು. ಆಮೇಲೆ ಹುಡುಕಿ ನೋಡಿದರೆ, ಇಂಥ ಪಟ್ಟಿಯನ್ನು 2018ರಲ್ಲೇ ಯುಜಿಸಿ ಎಲ್ಲ ಪದವಿಗಳಿಗೂ ಅನ್ವಯಿಸುವಂತೆ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷವಾಯಿತು. ವರ್ಷ ಎಷ್ಟೇ ಇರಲಿ, ಓದಿದವರಿಂದ ಮನೆಯವರು ಬಯಸುವುದು ಆ ಪಟ್ಟಿಯಲ್ಲಿರುವುದನ್ನೇ. ಅದನ್ನು ನ್ಯಾಕ್ ತಂಡಕ್ಕೆ ಒಪ್ಪಿಸುವ ಪಾಠವೆಂದು ನಮಗೆ ಹೇಳಿಕೊಟ್ಟಿದ್ದೇ ತಪ್ಪಾಯಿತು. ಮೊದಲ ಸೆಮಿಸ್ಟರ್‌ನ ಮೊದಲ ದಿನವೇ ಅದನ್ನು ನಮ್ಮ ಕೈಗೆ ಕೊಟ್ಟು, ‘ಇದರಲ್ಲಿ ನಿಮ್ಮೂರಿಗೆ ಬೇಕಾದ್ದು ಯಾವುದು?’ ಎಂದು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ನಾನೀಗ ಕೊನೆಯ ವರ್ಷ. ಊರಿಗೆ ಹೋದಾಗಲೆಲ್ಲ ಅಮ್ಮ ಮಾರ್ಕ್ಸ್ ಎಷ್ಟು ಬಂತು ಎನ್ನುವುದಿಲ್ಲ. ‘ಈ ಸಲ ಏನೇ ಕಲಿತೆ? ನಂಗೆ ತಿಳಿಯೋ ಹಂಗೆ ಹೇಳು’ ಎನ್ನುತ್ತಾಳೆ. ಇಂಟರ್ನಲ್ಸ್‌ಗಿಂತ ಈ ಪರೀಕ್ಷೆಗೇ ನಾನು ಹೆಚ್ಚು ಓದಿಕೊಂಡು ಹೋಗುತ್ತೇನೆ.