ನಾಲ್ಕನೇ ದಿನ ಬಾರದ ಮೇಷ್ಟ್ರು

ಸ್ಟೆಂಟ್ ಹಾಕಿಸಿಕೊಂಡವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ನಾನು. ವಾರಕ್ಕೆ ಮೂರು ದಿನದಂತೆ 12 ವಾರ, ಒಟ್ಟು 36 ಸಲ ಬರಬೇಕು. ಹೃದಯ ಪುನಶ್ಚೇತನ ಅಂತ ಇದರ ಹೆಸರು. ಟಿ. ನರಸೀಪುರ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮೂರು ಸಲ ಬಂದು ನಾಲ್ಕನೇ ದಿನ ನಾಪತ್ತೆ.

ಫೋನ್ ಮಾಡಿದೆ. "ಎದೆನೋವು ಹೋಯ್ತಲ್ಲಮ್ಮ, ಇನ್ಯಾಕೆ?" ಅಂದರು.

ದಿನಾ ಕೇಳುವ ಮಾತಿದು. ಸ್ಟೆಂಟ್ ತೆರೆಯುವುದು ಕಟ್ಟಿಕೊಂಡ ಒಂದು ಜಾಗವನ್ನು ಮಾತ್ರ. ರಕ್ತನಾಳಕ್ಕೆ ಹಿಡಿದ ಕಾಯಿಲೆ ಅಲ್ಲೇ ಇರುತ್ತದೆ. ಪುನಶ್ಚೇತನಕ್ಕೆ ಬಂದವರು ಮತ್ತೆ ಆಸ್ಪತ್ರೆ ಸೇರುವುದು ಕಡಿಮೆ. ಡಿಸ್ಚಾರ್ಜ್ ದಿನ ಡಾಕ್ಟರೇ ಬಾಯಿಬಿಟ್ಟು ಹೇಳಿದರೆ ಜನ ಬರುತ್ತಾರೆ, ಚೀಟಿಯ ಕೊನೆಗೆ ಒಂದು ಸಾಲು ಗೀಚಿದರೆ ಇಲ್ಲ.

ಫೋನ್ ಇಡಲಿಲ್ಲ. ನಿಧಾನಕ್ಕೆ ನಿಜ ಹೊರಬಿತ್ತು. ಜೊತೆಗೆ ಬರುತ್ತಿದ್ದ ಮಗಳು ರಜೆ ಮುಗಿಸಿ ಬೆಂಗಳೂರಿಗೆ ಹೋಗಿದ್ದಳು. ಬಸ್ಸಿಗೇ ಅರ್ಧ ದಿನ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಟ್ರೆಡ್‌ಮಿಲ್ ಮೇಲೆ ಎದೆ ಹೊಡೆದುಕೊಂಡಾಗ ಇನ್ನೊಂದು ಅಟ್ಯಾಕೇ ಬಂತೆಂದು ಹೆದರಿದ್ದರು. ಮನೆಯಲ್ಲಿ ಹೆಂಡತಿ ಬಿಂದಿಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ಮುಂದಿನ ಸಲ ಇಬ್ಬರನ್ನೂ ಕರೆಸಿದೆ. ನಮ್ಮ ಗೋಡೆಯ ಮೇಲೆ ಸುಸ್ತು ಅಳೆಯುವ ಬೋರ್ಗ್ ಪಟ್ಟಿ ಇದೆ, 6ರಿಂದ 20ರವರೆಗೆ. "ಸೊನ್ನೆಯಿಂದ ಯಾಕಿಲ್ಲ?" ಅಂದರು ಲೆಕ್ಕದ ಮೇಷ್ಟ್ರು. ಪಕ್ಕಕ್ಕೊಂದು ಸೊನ್ನೆ ಸೇರಿಸಿ, ಆರೋಗ್ಯವಂತರ ಎದೆಬಡಿತ ಹೆಚ್ಚುಕಡಿಮೆ ಸಿಗುತ್ತದೆ ಅಂದೆ. ಮುಖ ಅರಳಿತು. ಆದರೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಬಡಿತ ಅಷ್ಟು ಏರುವುದಿಲ್ಲ. ಅದಕ್ಕೇ ನಾನು ನಾಡಿಗಿಂತ ಸುಸ್ತನ್ನೇ ಕೇಳುವುದು. ಅವರಿಗೆ 11ರಿಂದ 13 ಸಾಕು. ಹೆಂಡತಿಗೆ ಸುಲಭದ ಅಳತೆ ಹೇಳಿಕೊಟ್ಟೆ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆ ಹಿಂಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಬೇಕು.

"ಇವರು ಯಾವತ್ತು ಹಾಡಿದ್ದರು?" ಅಂದರು ಆಕೆ.

ಈಗ ವಾರಕ್ಕೊಂದು ಸಲ ಇಲ್ಲಿ, ಮಿಕ್ಕಿದ್ದು ಮನೆಯಲ್ಲಿ. ಯೋಗವನ್ನೇ ಪುನಶ್ಚೇತನವಾಗಿ ಕಲಿಸಿ ನೋಡಲು ದೇಶದ 24 ಆಸ್ಪತ್ರೆಗಳಲ್ಲಿ ನಡೆದ ಯೋಗ-ಕೇರ್ ಅಧ್ಯಯನದಲ್ಲೂ ಮೂರು ತಿಂಗಳಿಗೆ 13 ತರಗತಿ ಅಷ್ಟೇ, ಆಮೇಲೆ ಮನೆಯಲ್ಲೇ ಅಭ್ಯಾಸ. ಸಾವು, ಅಟ್ಯಾಕ್ ಕಡಿಮೆಯಾದವೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲಿನ ಕೆಲಸಕಾರ್ಯಗಳಿಗೆ ಮರಳುವುದರಲ್ಲಿ ಯೋಗ ಮಾಡಿದವರೇ ಮುಂದಿದ್ದರು.

ಮೊನ್ನೆ ಮೇಷ್ಟ್ರು ನೋಟ್‌ಬುಕ್ ತೋರಿಸಿದರು. ಬರವಣಿಗೆ ಹೆಂಡತಿಯದು: "ಸೋಮವಾರ. ಮಳೆ. ಪಡಸಾಲೆಯಲ್ಲೇ 22 ನಿಮಿಷ. ಸುಸ್ತು 12. ನೀರು, ಅರ್ಧ ಬಿಂದಿಗೆ."